ಬಲಗೈ ಮೂಲೆಯ ಬಿಳಿ ಮನೆ

ಚದುರಂಗದ ಆರಂಭದ ನಡೆಗಳ ಕುರಿತು ಇರುವಷ್ಟು ಪುಸ್ತಕಗಳು ಆ ಆಟದ ಬೇರೆ ಯಾವ ಭಾಗದ ಕುರಿತೂ ಇರಲಾರವು. ಸಿಸಿಲಿಯನ್, ಫ್ರೆಂಚ್, ಸ್ಕ್ಯಾಂಡಿನೇವಿಯನ್, ಲಂಡನ್ ಎಂದು ಯುರೋಪಿನ ಭೂಪಟವನ್ನೇ ಹರಡಿಕೊಂಡು ಕುಳಿತಿರುವ ಈ ಶಾಸ್ತ್ರದಲ್ಲಿ ಇಪ್ಪತ್ತನೇ ನಡೆಯವರೆಗೂ ಬಾಯಿಪಾಠ ಒಪ್ಪಿಸುವ ಪಂಡಿತರಿದ್ದಾರೆ. ಇಂಥ ಶಾಸ್ತ್ರವೆಲ್ಲ ನಿಂತಿರುವುದು ಮಾತ್ರ ಒಂದೇ ಒಂದು ನಂಬಿಕೆಯ ಮೇಲೆ: ಆಟಗಾರನ ಬಲಗೈ ಕಡೆಯ ಹತ್ತಿರದ ಮೂಲೆಯ ಮನೆ ಬಿಳಿಯದಾಗಿರುತ್ತದೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ತನ್ನ ನಿಯಮಾವಳಿಯ ಎರಡನೆಯ ವಿಧಿಯಲ್ಲಿಯೇ ಇದನ್ನು ಬರೆದಿಟ್ಟಿದೆ. ಆ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ, ಏಕೆಂದರೆ ಬಿಳಿಯ ಮನೆ ತನ್ನ ಪಾಡಿಗೆ ತಾನು ಅಲ್ಲಿ ಇದ್ದೇ ಇರುತ್ತದೆ. ಅದು ಇಲ್ಲದಿದ್ದಾಗ ಏನೇನು ಸಂಭವಿಸಬಹುದು ಎಂಬುದಕ್ಕೆ ಮಲ್ಲೇಶ್ವರದ ಸಭಾಂಗಣವೊಂದರಲ್ಲಿ ನಡೆದ ಬ್ಲಿಟ್ಜ್ ಪಂದ್ಯವೊಂದನ್ನು ಸಾಕ್ಷಿಯಾಗಿ ಮಂಡಿಸುತ್ತಿದ್ದೇನೆ. ಅದರಲ್ಲಿ ಕಪ್ಪು ಕಾಯಿಗಳ ಹಿಂದೆ ಕುಳಿತಿದ್ದವನು ನಾನೇ ಆದ್ದರಿಂದ ವಿವರಗಳ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಬ್ಲಿಟ್ಜ್ ಎಂದರೆ ಒಬ್ಬೊಬ್ಬ ಆಟಗಾರನಿಗೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಕಾಲಾವಕಾಶವಿರುವ ಆಟ. ವಿಶ್ವಮಟ್ಟದಲ್ಲಿ 3 ನಿಮಿಷ ಕೊಟ್ಟು ಪ್ರತಿ ನಡೆಗೆ 2 ಸೆಕೆಂಡು ಸೇರಿಸುತ್ತಾರೆ. ನಮ್ಮ ಬಡಾವಣೆಗಳ ಪಂದ್ಯಾವಳಿಗಳಲ್ಲಿ ಅಂಥ ಲೆಕ್ಕಾಚಾರದ ಗಡಿಯಾರಗಳು ಎಲ್ಲ ಮೇಜುಗಳಿಗೂ ಸಿಗದ ಕಾರಣ ಒಬ್ಬರಿಗೆ 5 ನಿಮಿಷ ಎಂದು ಸರಳವಾಗಿ ಮುಗಿಸಿಬಿಡುತ್ತಾರೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಗುಕೇಶ್ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ಬೆಂಗಳೂರಿನ ತಾಯಿತಂದೆಯರಲ್ಲಿ ಹಲವರು ಸಂಗೀತದ ಪಾಠ ಬಿಡಿಸಿ ಮಕ್ಕಳನ್ನು ಚದುರಂಗಕ್ಕೆ ಸೇರಿಸಿದ್ದಾರೆ. ಹೀಗಾಗಿ ವಯಸ್ಸಿನ ಮಿತಿಯಿಲ್ಲದ ಪಂದ್ಯಾವಳಿ ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೆ ಅದರ ಅರ್ಥ, ನಿಮ್ಮನ್ನು ಸೋಲಿಸುವವರ ಕಾಲುಗಳು ನೆಲಕ್ಕೆ ತಾಗದೆ ಕುರ್ಚಿಯಿಂದ ತೂಗಾಡುತ್ತಿರುತ್ತವೆ ಎಂದು.

ಇಂಥ ಸಭೆಗೆ ಬರಿಗೈಯಲ್ಲಿ ಹೋಗುವುದು ತರವಲ್ಲವೆಂದು ನನ್ನ ಅಕ್ಕನ ಮಗ ನನಗೊಂದು ಅಸ್ತ್ರವನ್ನು ಉಪದೇಶಿಸಿದ್ದ. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂಬುದು ಮನೆಯವರ ನಂಬಿಕೆ. ನನಗೆ ಕಂಡಂತೆ ಅವನು ರಾತ್ರಿಯೆಲ್ಲ ಮೊಬೈಲಿನಲ್ಲಿ ಬ್ಲಿಟ್ಜ್ ಆಡುತ್ತಾನೆ. ಸ್ವೀಡನ್ನಿನ ಫ್ರಿಟ್ಜ್ ಎಂಗ್ಲುಂಡ್ ಎಂಬ ಆಟಗಾರನ ಹೆಸರು ಹೊತ್ತ ಈ ಅಸ್ತ್ರಕ್ಕೆ ಎಂಗ್ಲುಂಡ್ ಗ್ಯಾಂಬಿಟ್ ಎನ್ನುತ್ತಾರೆ. ಮಣೆಯ ಮನೆಗಳನ್ನು ಬಿಳಿಯವನ ಎಡದಿಂದ ಎ, ಬಿ, ಸಿ ಎಂಬ ಅಕ್ಷರಗಳಿಂದಲೂ ಅವನ ಕಡೆಯಿಂದ 1, 2, 3 ಎಂಬ ಅಂಕಿಗಳಿಂದಲೂ ಗುರುತಿಸುತ್ತಾರೆ. ಬಿಳಿಯವನು ಮಂತ್ರಿಯ ಮುಂದಿನ ಕಾಲಾಳನ್ನು ಡಿ4ಕ್ಕೆ ನಡೆಸಿದ ತಕ್ಷಣ ಕಪ್ಪಿನವನು ರಾಜನ ಮುಂದಿನ ಕಾಲಾಳನ್ನು ಇ5ಕ್ಕೆ ತಳ್ಳಿ, ತಗೋ, ತಿನ್ನು ಎಂದು ಕೊಟ್ಟುಬಿಡುತ್ತಾನೆ. ಬಿಳಿಯವನು ತಿನ್ನುತ್ತಾನೆ. ಕಪ್ಪು ಕುದುರೆ ಸಿ6ಕ್ಕೆ, ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಮಂತ್ರಿ ಇ7ಕ್ಕೆ, ಬಿಳಿ ಒಂಟೆ ಎಫ್4ಕ್ಕೆ. ಈಗ ಮಂತ್ರಿ ಬಿ4ಕ್ಕೆ ಹಾರಿ ಚೆಕ್ ಕೊಡುತ್ತಾನೆ, ಒಂಟೆ ಡಿ2ಕ್ಕೆ ಹಿಂದಿರುಗಿ ಅಡ್ಡ ನಿಲ್ಲುತ್ತದೆ, ಮಂತ್ರಿ ಬಿ2ರ ಕಾಲಾಳನ್ನು ತಿಂದು ಮೂಲೆಯ ಆನೆಯ ಮೇಲೆ ಕಣ್ಣು ಹಾಕುತ್ತಾನೆ. ಗಾಬರಿಗೊಂಡ ಬಿಳಿಯವನು ಒಂಟೆಯನ್ನು ಸಿ3ಕ್ಕೆ ತಂದು ಮಂತ್ರಿಯನ್ನು ಅಟ್ಟಲು ನೋಡಿದರೆ ಕಪ್ಪು ಒಂಟೆ ಬಿ4ಕ್ಕೆ ಬಂದು ಕೂರುತ್ತದೆ, ಮತ್ತು ಎಂಟನೇ ನಡೆಗೆ ಸಿ1ರಲ್ಲಿ ಮೇಟ್.

ಆರನೇ ನಡೆಯಲ್ಲಿ ಅವನು ಒಂಟೆಯ ಬದಲು ಕುದುರೆಯನ್ನು ಸಿ3ಕ್ಕೆ ತಂದರೆ ಏನು ಮಾಡಬೇಕು ಎಂದು ನಾನು ಕೇಳಿದೆ. "ಮಾಮ, ಐದು ನಿಮಿಷದ ಆಟದಲ್ಲಿ ಯಾರೂ ಅಷ್ಟೊಂದು ಯೋಚಿಸಲ್ಲ," ಎಂದು ಅವನು ಆ ಅಧ್ಯಾಯವನ್ನು ಮುಚ್ಚಿದ. ಎದುರಾಳಿ ಡಿ4 ಬಿಟ್ಟು ಇ4 ಆಡಿದರೆ ಎಂಬ ನನ್ನ ಎರಡನೆಯ ಪ್ರಶ್ನೆಗೆ ಉತ್ತರವನ್ನು ಮುಂದಿನ ಭಾನುವಾರಕ್ಕೆ ಕಾಯ್ದಿರಿಸಿ ಹೊರಟುಹೋದ.

ಪಂದ್ಯಾವಳಿಯ ಉದ್ಘಾಟನೆಯಲ್ಲಿ ಮುಖ್ಯ ಅತಿಥಿಗಳು ಬಹಳ ವಿದ್ವತ್ಪೂರ್ಣವಾಗಿ ಮಾತನಾಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ನಾಲ್ಕು ಮನೆಗಳ ಮೇಲೂ ಒಂದೊಂದೇ ಸಲ ಹಾಯಿಸುವ ಕೌತುಕದಲ್ಲಿ ಎಷ್ಟು ಪಳಗಿದ್ದರೆಂಬುದರಿಂದ ಆರಂಭಿಸಿ, 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತನಕ ಬಂದು, ಅಲ್ಲಿಂದ ಮತ್ತೆ ಮುಮ್ಮಡಿಯವರ ಕಾಲಕ್ಕೆ ಮರಳಿದರು. ಭಾಷಣದ ಒಂದೊಂದು ಮಾತೂ ನಿಜವಾಗಿತ್ತು. ಆದರೆ ಅದರ ಉದ್ದದ ದೆಸೆಯಿಂದ ಕಾರ್ಯಕ್ರಮ ಹಿಂದೆ ಬಿದ್ದಿತು. ಹಿಂದೆ ಬಿದ್ದದ್ದರಿಂದ ಕಡೆಯ ಸಾಲಿನ ಮೇಜುಗಳನ್ನು ಸಜ್ಜುಗೊಳಿಸುವ ಕೆಲಸವನ್ನು ಅವಸರದಲ್ಲಿ ಒಬ್ಬ ಶಾಲಾ ಬಾಲಕನಿಗೆ ವಹಿಸಲಾಯಿತು. ಉಪ್ಪಿಟ್ಟು ಮತ್ತು ಕೇಸರಿಬಾತು ತಣ್ಣಗಾದುದೂ ಇದೇ ಸರಣಿಯ ಪರಿಣಾಮವಾದರೂ ಅದು ಪ್ರಸ್ತುತ ವಿಚಾರಕ್ಕೆ ಸಂಬಂಧಿಸಿದ್ದಲ್ಲ.

ಸುರುಳಿ ಸುತ್ತುವ, ಅಂಚಿನಲ್ಲಿ ಅಕ್ಷರ ಮತ್ತು ಅಂಕಿಗಳು ಅಚ್ಚಾಗಿರುವ ಹಾಸುಗಳು ಅಷ್ಟರಲ್ಲಿ ಮುಗಿದಿದ್ದವು. ನಮ್ಮ ಮೇಜಿಗೆ ಬಂದದ್ದು ಸಂಘದ ಹಿರಿಯ ಸದಸ್ಯರೊಬ್ಬರ ಮನೆಯ ಅಟ್ಟದಿಂದ ಇಳಿಸಿದ ಮರದ ಮಣೆ ಮತ್ತು ಮುಳ್ಳಿನ ಗಡಿಯಾರ. ಮಣೆಯ ಮೇಲೆ ಅಕ್ಷರವಿಲ್ಲ, ಅಂಕಿಯಿಲ್ಲ. ಎರಡೂ ಕಡೆಯ ರಾಜರ ತಲೆಯ ಮೇಲಿನ ಶಿಲುಬೆಗಳು ಎಂದೋ ಮುರಿದುಹೋಗಿ, ಪಕ್ಕದಲ್ಲಿ ನಿಂತ ಮಂತ್ರಿಗೂ ರಾಜನಿಗೂ ಅರ್ಧ ಬೆರಳಿನಷ್ಟು ಎತ್ತರದ ಅಂತರ ಮಾತ್ರ ಉಳಿದಿತ್ತು. ಆ ಬಾಲಕನ ಮೇಲೆ ನನಗೆ ಯಾವ ಕೋಪವೂ ಇಲ್ಲ. ಮಂತ್ರಿಯನ್ನು ಅವನ ಬಣ್ಣದ ಮನೆಯಲ್ಲೇ ನಿಲ್ಲಿಸಬೇಕೆಂದು ಯಾರೋ ಗುರುಗಳು ಕಲಿಸಿದ್ದ ಪಾಠವನ್ನು ಅವನು ಅಕ್ಷರಶಃ ಪಾಲಿಸಿದ್ದ. ಮಣೆಯನ್ನೇ ಅಡ್ಡಡ್ಡ ಇಟ್ಟಿದ್ದರಿಂದ ಬಿಳಿಯ ಮನೆ ಬಲಮೂಲೆಯಿಂದ ಎಡಮೂಲೆಗೆ ಹೋಗಿತ್ತು, ಮತ್ತು ಆ ಪಾಠದ ಪ್ರಕಾರವೇ ರಾಜನೂ ಮಂತ್ರಿಯೂ ಸ್ಥಾನ ಬದಲಾಯಿಸಿಕೊಂಡು ನಿಂತಿದ್ದರು. ಎರಡೂ ಕಡೆ ಹಾಗೇ ಆದದ್ದರಿಂದ ರಾಜನೆದುರು ರಾಜ, ಮಂತ್ರಿಯೆದುರು ಮಂತ್ರಿ; ನೋಡಿದವರಿಗೆ ಯಾವ ಕೊರತೆಯೂ ಕಾಣುವಂತಿರಲಿಲ್ಲ.

ನನ್ನ ಎದುರಾಳಿ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿ. ನೇರಳೆ ಮಾರ್ಗದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ ಬಂದವರು; ಇಡೀ ಪ್ರಯಾಣದಲ್ಲಿ ಲಂಡನ್ ಪದ್ಧತಿಯನ್ನು ಮನನ ಮಾಡಿಕೊಂಡು ಬಂದಿದ್ದರೆಂದು ಆಮೇಲೆ ತಿಳಿಯಿತು. ಲಂಡನ್ ಪದ್ಧತಿಯ ಗುಣವೇನೆಂದರೆ ಎದುರಾಳಿ ಏನೇ ಆಡಿದರೂ ತಾನು ಅದೇ ಐದಾರು ನಡೆಗಳನ್ನು ಆಡುತ್ತಾ ಹೋಗಬಹುದು. ಡಿ ಸಾಲಿನ ಕಾಲಾಳು, ಬಲಗಡೆಯ ಕುದುರೆ, ಎಡಗಡೆಯ ಒಂಟೆ, ಇ ಸಾಲಿನ ಕಾಲಾಳು, ಬಲಗಡೆಯ ಒಂಟೆ, ಆಮೇಲೆ ಕ್ಯಾಸ್ಲಿಂಗ್, ಅಂದರೆ ರಾಜನನ್ನು ಮೂಲೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ಅವನ ಈಚೆ ಬದಿಗೆ ತಂದು ಕಟ್ಟುವ ಕೋಟೆ. ಅಷ್ಟು ಹೊತ್ತಿನವರೆಗೆ ರಾಜನನ್ನಾಗಲಿ ಮಂತ್ರಿಯನ್ನಾಗಲಿ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ನನ್ನ ಅಸ್ತ್ರದಲ್ಲಾದರೋ ಮೂರನೇ ನಡೆಗೇ ಮಂತ್ರಿ ಹೊರಡಬೇಕು. ಆದ್ದರಿಂದ ಅನಾಹುತದ ಸರದಿ ಮೊದಲು ನನ್ನದಾಯಿತು.

ನಾನು ಗಡಿಯಾರ ಒತ್ತಿದೆ. ಅವರು ತಮ್ಮ ಎಡದಿಂದ ನಾಲ್ಕನೆಯ ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟರು. ಡಿ4 ಎಂದು ನನ್ನ ಮನಸ್ಸು ಹಿಗ್ಗಿತು. ಆ ಕಾಲಾಳಿನ ಹಿಂದೆ ನಿಂತಿದ್ದವನು ರಾಜ ಎಂಬುದನ್ನು ಗಮನಿಸಲು ಅಲ್ಲಿ ಯಾರಿಗೆ ಪುರಸೊತ್ತಿತ್ತು? ನಾನು ಕಲಿತಂತೆ ಪಕ್ಕದ ಕಾಲಾಳನ್ನು ತಳ್ಳಿದೆ. ತಿಂದರು. ಕುದುರೆ ತೆಗೆದೆ, ಅವರೂ ತೆಗೆದರು. ಆಮೇಲೆ ಮಧ್ಯದ ಇಬ್ಬರು ಎತ್ತರದವರಲ್ಲಿ ಬಲಗಡೆಯವನನ್ನು ಎತ್ತಿ, ಕಾಲಾಳು ಖಾಲಿ ಮಾಡಿದ ಮನೆಗೆ ಓರೆಯಾಗಿ ಸರಿಸಿ, ಅದೇ ಕೈಯಿಂದ ಗಡಿಯಾರ ಒತ್ತಿದೆ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರವನ್ನೂ ಒತ್ತಬೇಕೆಂಬುದು ನಿಯಮ. ಈ ನಿಯಮದ ದೆಸೆಯಿಂದ ಬ್ಲಿಟ್ಜ್ ಆಡುವವನ ಕಣ್ಣು ಕೈಯನ್ನು ಹಿಂಬಾಲಿಸಿ ಗಡಿಯಾರಕ್ಕೆ ಹೋಗಿಬಿಡುತ್ತದೆಯೇ ಹೊರತು ಇಟ್ಟ ಕಾಯಿಯ ಮುಖವನ್ನು ತಿರುಗಿ ನೋಡುವುದಿಲ್ಲ.

ಬೆನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗನೊಬ್ಬ ತನ್ನ ಗೆಳೆಯನಿಗೆ, "ಅಂಕಲ್ ಬಾಂಗ್‌ಕ್ಲೌಡ್ ಆಡ್ತಿದ್ದಾರೆ ಕಣೋ," ಎಂದು ಪಿಸುಗುಟ್ಟಿದ. ಆಗ ನನಗೆ ಅದು ಅರ್ಥವಾಗಲಿಲ್ಲ. ಆಟ ಶುರುವಾದ ಕೂಡಲೇ ರಾಜನನ್ನು ಒಂದು ಹೆಜ್ಜೆ ಮುಂದಿಡುವ ತಮಾಷೆಗೆ ಆ ಹೆಸರು. 2021ರಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಹಿಕಾರು ನಾಕಮುರ ಪರಸ್ಪರ ಎರಡನೇ ನಡೆಗೇ ರಾಜರನ್ನು ಹೊರಡಿಸಿ, ಅತ್ತಿತ್ತ ಆಡಿಸಿ, ನಗುತ್ತಾ ಆಟವನ್ನು ಡ್ರಾ ಮಾಡಿಕೊಂಡಿದ್ದರು. ಅವರಿಗೂ ನನಗೂ ಇದ್ದ ವ್ಯತ್ಯಾಸ ಸಣ್ಣದು. ತಾವು ಎತ್ತಿದ್ದು ರಾಜನನ್ನು ಎಂದು ಅವರಿಬ್ಬರಿಗೂ ತಿಳಿದಿತ್ತು.

ಎದುರಾಳಿ ತಮ್ಮ ಒಂಟೆಯನ್ನು ಹೊರತಂದರು, ಪುಸ್ತಕದಲ್ಲಿ ಇದ್ದ ಹಾಗೆಯೇ. ಈಗ ನನ್ನ ಮಂತ್ರಿ ಬಿ4ಕ್ಕೆ ಹಾರಿ ಚೆಕ್ ಕೊಡಬೇಕು. ಕಾಯಿಯನ್ನು ಎತ್ತಿದೆ, ಚೆಕ್ ಎನ್ನಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಹೆಬ್ಬೆರಳಿಗೆ ಕಾಯಿಯ ನೆತ್ತಿಯ ಮೇಲಿನ ತೂತು ತಗುಲಿತು. ಶಿಲುಬೆ ನಾಟಿದ್ದ ತೂತು. ದೇವಸ್ಥಾನದ ಹೊರಗೆ ಕತ್ತಲಲ್ಲಿ ಮತ್ತೊಬ್ಬರ ಚಪ್ಪಲಿಗೆ ಕಾಲು ತೂರಿಸಿದವನಿಗೆ ಹೇಗೋ ಹಾಗೆ, ನೋಡುವ ಮೊದಲೇ ಇದು ನಮ್ಮದಲ್ಲ ಎಂದು ಚರ್ಮಕ್ಕೆ ತಿಳಿಯಿತು. ಎದುರಾಳಿಗೂ ಅದೇ ಗಳಿಗೆಯಲ್ಲಿ ತಿಳಿದಿರಬೇಕು.

"ಸಾರ್, ಅದು ಕಿಂಗ್ ಅಲ್ವಾ?" ಎಂದು ಅವರು ವಿನಯದಿಂದಲೇ ಕೇಳಿದರು. ಆ ವಿನಯದೊಳಗೆ ನಿಯಮವೂ ಅಡಗಿತ್ತು: ಮುಟ್ಟಿದ ಕಾಯಿಯನ್ನೇ ನಡೆಸಬೇಕು. ರಾಜನಿಗೆ ಉಳಿದಿದ್ದ ಮನೆಗಳು ಎರಡು. ಒಂದು, ಇನ್ನೂ ಒಂದು ಹೆಜ್ಜೆ ಮುಂದಕ್ಕೆ, ಮಣೆಯ ನಟ್ಟನಡುವಿಗೆ. ಇನ್ನೊಂದು, ಹೊರಟ ಮನೆಗೇ ವಾಪಸು. ಮುಂದೆ ಹೋದರೆ ವೀರಮರಣ ಖಚಿತವಾಗಿದ್ದುದರಿಂದ ವಾಪಸು ಕರೆತಂದೆ. ಒಮ್ಮೆ ಮನೆ ಬಿಟ್ಟ ರಾಜನಿಗೆ ಕ್ಯಾಸ್ಲಿಂಗ್ ಹಕ್ಕು ಮತ್ತೆ ಸಿಗುವುದಿಲ್ಲ. ಒಂದು ಕಾಲಾಳು ಹೋಗಿತ್ತು, ಎರಡು ನಡೆಗಳು ವಿಹಾರಕ್ಕೆ ಖರ್ಚಾಗಿದ್ದವು. ಆದರೂ ಮಣೆ ತಿರುಗಿದೆ ಎಂಬ ಸಂಶಯ ನಮ್ಮಿಬ್ಬರಲ್ಲಿ ಯಾರಿಗೂ ಬರಲಿಲ್ಲ. ಗಡಿಯಾರ ಓಡುತ್ತಿರುವಾಗ ಮನುಷ್ಯ ತನ್ನ ಕೈಯನ್ನು ಸಂದೇಹಿಸುತ್ತಾನೆಯೇ ಹೊರತು ಮರದ ಹಲಗೆಯನ್ನು ಸಂದೇಹಿಸುವುದಿಲ್ಲ.

ಮುಂದಿನ ಎರಡು ನಡೆಗಳಲ್ಲಿ ಅವರು ಲಂಡನ್ ಪಾಠವನ್ನು ಮುಂದುವರಿಸಿದರು. ನಾನು ಏನನ್ನೋ ಆಡಿದೆ. ಏಳನೇ ನಡೆಗೆ ಅವರ ಮುಖದಲ್ಲಿ, ಎಲ್ಲವೂ ಕ್ರಮದಂತೆ ಸಾಗುತ್ತಿರುವಾಗ ಮೂಡುವ ಒಂದು ಬಗೆಯ ಶಾಂತಿ ಕಾಣಿಸಿತು. ಎಡದಿಂದ ಐದನೆಯ ಮನೆಯಲ್ಲಿದ್ದ ಎತ್ತರದ ಕಾಯಿಯನ್ನು ಎರಡು ಮನೆ ಬಲಕ್ಕೆ ಸರಿಸಿ, ಮೂಲೆಯ ಆನೆಯನ್ನು ಅದರ ಈಚೆ ಬದಿಗೆ ತಂದು ನಿಲ್ಲಿಸಿ, ಗಡಿಯಾರ ಒತ್ತಿದರು. ಕ್ಯಾಸ್ಲಿಂಗ್ ಸಾಂಗವಾಗಿ ನೆರವೇರಿತ್ತು. ಕೋಟೆಯೊಳಗೆ ಭದ್ರವಾಗಿ ಕುಳಿತಿದ್ದವನು ಮಾತ್ರ ಮಂತ್ರಿ. ರಾಜ ಹೊರಗೆ, ಮುಂದೆ ಕಾಲಾಳೂ ಇಲ್ಲದೆ, ಬಯಲಲ್ಲಿ ನಿಂತಿದ್ದ.

ನಾನು ಇದನ್ನು ಗಮನಿಸಿದೆನೆಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ಗಮನಿಸಿದ್ದು ಪಕ್ಕದ ಮೇಜಿನ ಹುಡುಗಿ. ಎಂಟೊಂಬತ್ತು ವರ್ಷವಿರಬಹುದು, ತನ್ನ ಆಟವನ್ನು ಗೆದ್ದು ಮುಗಿಸಿ ನಮ್ಮದನ್ನು ನೋಡುತ್ತಾ ನಿಂತಿದ್ದಳು. ನೋಡುವವರು ಲೋಪವನ್ನು ಕಂಡರೆ ಆಟಗಾರರಿಗೆ ಹೇಳುವಂತಿಲ್ಲ, ತೀರ್ಪುಗಾರರಿಗೆ ಮಾತ್ರ ಹೇಳಬಹುದು ಎಂಬ ನಿಯಮ ಸಭಾಂಗಣದಲ್ಲಿ ಗೊತ್ತಿದ್ದದ್ದು ಬಹುಶಃ ಅವಳೊಬ್ಬಳಿಗೇ. ಬಾಯಿಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ಓಡಿಹೋಗಿ ತೀರ್ಪುಗಾರರ ತೋಳು ಹಿಡಿದು ಎಳೆದುಕೊಂಡು ಬಂದು, "ಸಾರ್, ಇಲ್ಲಿ ಮಂತ್ರಿ ಕ್ಯಾಸಲ್ ಮಾಡಿದಾನೆ," ಎಂದು ದೂರಿತ್ತಳು.

ತೀರ್ಪುಗಾರರು ಗಡಿಯಾರವನ್ನು ನಿಲ್ಲಿಸಿ, ಮಣೆಯನ್ನು ನೋಡಿ, ಅದರ ಮೂಲೆಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಂದೆ ಎರಡು ದಾರಿಗಳಿದ್ದವು. ನಿಯಮಬಾಹಿರ ನಡೆ ಎಂದು ಪರಿಗಣಿಸಿದರೆ ಬ್ಲಿಟ್ಜ್‌ನಲ್ಲಿ ಮೊದಲ ತಪ್ಪಿಗೆ ಎದುರಾಳಿಗೆ 1 ನಿಮಿಷ ಹೆಚ್ಚುವರಿ ಕೊಟ್ಟು, ನಡೆಯನ್ನು ಹಿಂತೆಗೆಸಿ, ಆಟವನ್ನು ಮುಂದುವರಿಸಬೇಕು. ಮಣೆಯನ್ನು ಇಟ್ಟದ್ದೇ ತಪ್ಪೆಂದು ಆಕ್ಷೇಪಿಸುವುದಾದರೆ ಇಬ್ಬರೂ 10 ನಡೆಗಳನ್ನು ಪೂರೈಸುವುದರೊಳಗೆ ಆಕ್ಷೇಪಿಸಬೇಕು. ಆ ಗಡಿ ದಾಟಿದರೆ ಮಣೆ ತಲೆಕೆಳಗಿದ್ದರೂ ಸರಿಯೆ, ಆಟ ಆಟವೇ. "ಎಷ್ಟು ನಡೆ ಆಗಿದೆ?" ಎಂದು ಅವರು ಕೇಳಿದರು. ಬ್ಲಿಟ್ಜ್‌ನಲ್ಲಿ ನಡೆಗಳನ್ನು ಯಾರೂ ಬರೆದಿಡುವುದಿಲ್ಲ. ಕಾಲಾಳು ಕಳೆದುಕೊಂಡು ರಾಜನನ್ನು ಬೀದಿ ಸುತ್ತಿಸಿದ್ದ ನನಗೆ ಹೊಸ ಆಟ ಬೇಕಾಗಿದ್ದುದರಿಂದ ಆರೋ ಏಳೋ ಆಗಿರಬಹುದು ಎಂದೆ. ಆಟದಲ್ಲಿ ಮುಂದಿದ್ದ ಎದುರಾಳಿ, ಹನ್ನೊಂದಕ್ಕೆ ಕಡಿಮೆಯಿಲ್ಲ ಎಂದರು. ಇಬ್ಬರೂ ವಿದ್ಯಾವಂತರು, ಇಬ್ಬರೂ ಪ್ರಾಮಾಣಿಕವಾಗಿಯೇ ನಂಬಿದ್ದೆವು.

ಹುಡುಗಿ ಕೈಯೆತ್ತಿದಳು. ಮಾತನಾಡಲು ತೀರ್ಪುಗಾರರ ಅನುಮತಿ ದೊರೆತ ಕೂಡಲೇ ಖಾಲಿ ಮಣೆಯೊಂದನ್ನು ಎಳೆದುಕೊಂಡು ಮೊದಲಿನಿಂದ ಜೋಡಿಸತೊಡಗಿದಳು. ಅಷ್ಟರಲ್ಲಿ ನಮ್ಮ ಸುತ್ತ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ಮೂರು ನಡೆಗಳವರೆಗೆ ಇದು ಕನ್ನಡಿಯಲ್ಲಿ ಕಂಡ ಸ್ಕ್ಯಾಂಡಿನೇವಿಯನ್ ಎಂದು ಅವಳು ಘೋಷಿಸಿದಳು. "ಚೆನ್ನಾಗೇ ಇತ್ತು," ಎಂದು ಸೇರಿಸಿದಳು ಕೂಡ. ಇದನ್ನು ಆಮೇಲೆ ನಾನು ಪರಿಶೀಲಿಸಿ ನೋಡಿದ್ದೇನೆ. ಅವಳು ಹೇಳಿದ್ದು ಸಂಪೂರ್ಣ ಸತ್ಯ. ಸ್ಪೇನಿನ ವೆಲೆನ್ಸಿಯಾದಲ್ಲಿ ಸುಮಾರು 1475ರ ಹೊತ್ತಿಗೇ ದಾಖಲಾಗಿದ್ದ, ಗ್ರ್ಯಾಂಡ್‌ಮಾಸ್ಟರುಗಳು ಇಂದಿಗೂ ಆಡುವ ಒಂದು ಗೌರವಾನ್ವಿತ ಆರಂಭವನ್ನು, ಗಲ್ಲಿಯ ಮೋಸವೊಂದನ್ನು ಮಾಡಲು ಹೊರಟ ನನ್ನ ಕೈ ತನಗರಿವಿಲ್ಲದೆ ಆಡಿತ್ತು. ಮಣೆ ನೆಟ್ಟಗಿದ್ದಿದ್ದರೆ ಇಂಥ ಸಭ್ಯತೆ ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

"ಇಲ್ಲಿ ಅಂಕಲ್ ಯಾಕೆ ಕಿಂಗ್ ಎತ್ತಿದರು?" ಎಂದು ತೀರ್ಪುಗಾರರು ಕೇಳಬಾರದಿತ್ತು. ಕೇಳಿದರು. ಅದಕ್ಕೆ ಅವಳು ಸವಿವರವಾಗಿ ಉತ್ತರಿಸಿದಳು. "ಅವರು ಅದನ್ನ ಮಂತ್ರಿ ಅಂದ್ಕೊಂಡ್ರು ಸಾರ್. ಎಂಗ್ಲುಂಡ್ ಗ್ಯಾಂಬಿಟ್ ಆಡೋಕೆ ಹೊರಟಿದ್ರು. ಆಮೇಲೆ ಬಿ4 ಚೆಕ್, ಆಮೇಲೆ ಬಿ2 ತಿನ್ನೋದು, ಆಗ ಈ ಅಂಕಲ್ ಒಂಟೆ ಸಿ3 ಆಡಿದ್ರೆ ಮೇಟ್. ಕುದುರೆ ಸಿ3 ಆಡಿದ್ರೆ ಏನೂ ಆಗಲ್ಲ, ಕಪ್ಪಿನವರಿಗೇ ಕಷ್ಟ." ನೆರೆದವರೆಲ್ಲ ತಲೆದೂಗಿದರು. ನನ್ನ ಎದುರಾಳಿ ತಲೆದೂಗಲಿಲ್ಲ. ಅವರು ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಿದ್ದರು. ಬಾಯಿಪಾಠ ಮಾಡುವವರನ್ನು ನಾನು ಬಲ್ಲೆ.

ನಡೆಗಳು ಏಳೇ ಎಂದು ಸಿದ್ಧವಾಯಿತು. ವಾದದಲ್ಲಿ ನಾನು ಗೆದ್ದೆ. ತೀರ್ಪುಗಾರರು ಮಣೆಯನ್ನು ತಮ್ಮ ಕೈಯಾರೆ ತಿರುಗಿಸಿ, ರಾಜ ಯಾರು ಮಂತ್ರಿ ಯಾರು ಎಂಬ ಗೊಂದಲ ಮರುಕಳಿಸದಿರಲೆಂದು ಎರಡೂ ರಾಜರ ಕೊರಳಿಗೆ ರಬ್ಬರ್‌ಬ್ಯಾಂಡ್ ಸುತ್ತಿ, ಮುಳ್ಳುಗಳನ್ನು ಮತ್ತೆ 5 ನಿಮಿಷಕ್ಕೆ ಇಟ್ಟು ಹೊಸ ಆಟಕ್ಕೆ ಅಪ್ಪಣೆ ಕೊಟ್ಟರು.

ಎದುರಾಳಿ ಡಿ4 ಆಡಿದರು, ನಸುನಗುತ್ತಾ. ನಾನು ಇ5 ಆಡಿದೆ. ಸಭಾಂಗಣಕ್ಕೆಲ್ಲ ಬಹಿರಂಗವಾದ ಬಲೆಯನ್ನೇ ಮತ್ತೆ ಬೀಸುವುದು ವಿವೇಕವೇ ಎಂದು ಯಾರಾದರೂ ಕೇಳಬಹುದು. ನನಗೆ ಬೇರೆ ಯಾವುದೂ ಬರುತ್ತಿರಲಿಲ್ಲ ಎಂಬುದು ಅದಕ್ಕೆ ಸಾಕಷ್ಟು ಬಲವಾದ ಸಮಾಧಾನ. ಜೊತೆಗೆ, ಗೊತ್ತಿದ್ದೂ ಕೈತಪ್ಪುವುದು ಬ್ಲಿಟ್ಜ್‌ನ ಸ್ವಭಾವವೇ ಎಂಬ ದೂರದ ಆಸೆ. ನಾವು ಪುರೋಹಿತರಂತೆ ಲೋಪವಿಲ್ಲದೆ ಐದು ನಡೆಗಳನ್ನು ಮುಗಿಸಿದೆವು. ಆರನೆಯದಕ್ಕೆ ಅವರು ಕುದುರೆಯನ್ನು ಸಿ3ಕ್ಕೆ ಇಟ್ಟರು, ಇಟ್ಟ ಮೇಲೆ ಒಮ್ಮೆ ಹುಡುಗಿಯ ಕಡೆಗೂ ನೋಡಿದರು. ನನ್ನ ಒಂಟೆ ಬಿ4ಕ್ಕೆ ಹೋಯಿತು, ಅವರ ಆನೆ ಬಿ1ಕ್ಕೆ ಬಂತು, ನನ್ನ ಮಂತ್ರಿ ಎ3ಕ್ಕೆ ಓಡಿಹೋಗಿ ನಿಂತ. ಎಂಟನೇ ನಡೆಗೆ, ನಾನು ಮೇಟ್ ಮಾಡಬೇಕಾಗಿದ್ದ ಆ ಎಂಟನೇ ನಡೆಗೆ, ಅದೇ ಕುದುರೆ ಡಿ5ಕ್ಕೆ ಹಾರಿ, ಒಂದು ಕಡೆ ಬಿ4ರ ಒಂಟೆಯನ್ನು ಹೆದರಿಸಿ, ಇನ್ನೊಂದು ಕಡೆ ಸಿ7ಕ್ಕೆ ನುಗ್ಗಿ ರಾಜನನ್ನೂ ಆನೆಯನ್ನೂ ಒಟ್ಟಿಗೆ ಹಿಡಿಯುವ ಸಿದ್ಧತೆಯಲ್ಲಿ ನಿಂತಿತು. ಇಲ್ಲಿಂದ ಮುಂದಿನದನ್ನು ವಿಸ್ತರಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ರಬ್ಬರ್‌ಬ್ಯಾಂಡ್ ಧರಿಸಿದ ನನ್ನ ರಾಜ ಡಿ8ಕ್ಕೆ ಹೋಗಿ ಸಿ7ನ್ನು ಕಾಯಲು ಯತ್ನಿಸಿದ; ಸಮಯ ಮುಗಿದು ಗಡಿಯಾರದ ಬಾವುಟ ಬೀಳುವ ಮೊದಲೇ ನಾನು ಕೈಕುಲುಕಿದೆ.

"ಮೊದಲನೇ ಗೇಮೇ ಚೆನ್ನಾಗಿತ್ತು ಸಾರ್," ಎಂದು ಎದುರಾಳಿ ಎದ್ದು ನಿಲ್ಲುತ್ತಾ ಹೇಳಿದರು. ಅದು ಉಪಚಾರದ ಮಾತಾಗಿರಲಿಲ್ಲ ಎಂದೇ ನನ್ನ ಭಾವನೆ.

ಮುಂದಿನ ಸುತ್ತಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ನನ್ನ ಹೆಸರಿನ ಎದುರಿಗೆ ಯಾರ ಹೆಸರಿದೆಯೆಂದು ಹುಡುಕುವ ಶ್ರಮವೂ ನನಗೆ ಬೀಳಲಿಲ್ಲ. ನಾನು ಮೇಜನ್ನು ತಲುಪುವಷ್ಟರಲ್ಲಿ ಆ ಹುಡುಗಿ ಬಿಳಿಯ ಕಾಯಿಗಳ ಹಿಂದೆ, ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಏರಿ ಕುಳಿತು, ಬಲಮೂಲೆಯ ಮನೆಯನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸುತ್ತಿದ್ದಳು.

"ಅಂಕಲ್, ನಿಮಗೆ ಎಂಗ್ಲುಂಡ್ ಒಂದೇ ಬರೋದಾ?" ಎಂದು ಕೇಳಿದಳು.

ಬ್ಲಿಟ್ಜ್ ಪಂದ್ಯದಲ್ಲಿ ತನ್ನ ಸಿದ್ಧತೆಯನ್ನು ಎದುರಾಳಿಗೆ ಬಿಟ್ಟುಕೊಡುವುದು ಬುದ್ಧಿವಂತಿಕೆಯಲ್ಲವೆಂದು ಬಗೆದು ನಾನು ಗಂಭೀರವಾಗಿ ಗಡಿಯಾರವನ್ನು ಒತ್ತಿದೆ. ಅವಳು ಇ4 ಆಡಿದಳು.